ಮರಕ್ಕೆ ಆರು ರೂಪಾಯಿ

ಮರಕ್ಕೆ ಆರು ರೂಪಾಯಿ.
ಅಂಕಿ ಒಂದಿರಲಿ ಮೂರಿರಲಿ, ಅದೇ ರೇಟು.
ಬಣ್ಣ ಕಾಂಟ್ರ್ಯಾಕ್ಟರನದು, ಬ್ರಷ್ಷು ನನ್ನದು.
ಕೌಲ್ ಬಜಾರಿನ ಮೊದಲ ಗೇಟಿನಿಂದ ಹಿಡಿದು
ರಸ್ತೆಯ ಎಡಬದಿಯಷ್ಟೂ ಬರೆಯುತ್ತಾ ಬಂದೆ.
ಬೇವಿನ ತೊಗಟೆ ಬಣ್ಣ ಕುಡಿಯುತ್ತದೆ, ಎರಡು ಕೋಟು ಬೇಕು.
ಹೊಂಗೆ ನುಣುಪು, ಒಂದೇ ಎಳೆತಕ್ಕೆ ಅಂಕಿ ಮೂಡುತ್ತದೆ.
ಯಾತಕ್ಕೆ ಈ ನಂಬರು ಎಂದು ನಾನು ಕೇಳಿರಲಿಲ್ಲ.
ಕೇಳಿದ್ದರೆ ಏಳು ರೂಪಾಯಿ ಆಗುತ್ತಿತ್ತೇ?

ನಲವತ್ತೇಳನೆಯದು ದೊಡ್ಡ ಬೇವು,
ಜೀನ್ಸ್ ಹೊಲಿಯುವ ಶೆಡ್ಡಿನ ಮುಂದೆ.
ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ;
ಒಳಗೆ ತಗಡಿನಡಿ ಕೂತರೆ ಹಂಚಿನ ಮೇಲಿನ ರೊಟ್ಟಿ.
ಹೊರಗೆ ನೆರಳಲ್ಲಿ ನೀಲಿ ಬೆರಳಿನ ಹೆಂಗಸರು
ಪ್ಯಾಂಟಿನ ದಾರ ಕತ್ತರಿಸುತ್ತಿದ್ದರು.
ನಾಲ್ಕು ಬರೆದೆ. ಏಳು ಬರೆಯುವ ಮೊದಲೇ
ಎರ್ರೆಮ್ಮ ಕತ್ತರಿ ಹಿಡಿದೇ ಎದ್ದಳು.
ತೆಲುಗಿನಲ್ಲಿ ಬೈದಳು, ಕನ್ನಡದಲ್ಲಿ ಕೂರಿಸಿದಳು,
ಮಾಬುನ್ನಿಯ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು.
"ಯಾವೂರಪ್ಪಾ ನಿಂದು?"
"ಇದೇ ಊರು. ಗುಡ್ಡದ ಹಿಂದೆ."
"ಇದೇ ಊರಿನ ಕೈಯೇನು ಇದು?"
ಚಹಾ ಬಿಸಿಯಿತ್ತು. ಅದೊಂದು ನೆಪ, ಸುಮ್ಮನಿದ್ದೆ.

ಸಂಜೆಗೆ ಓಣಿ ನೆರೆಯಿತು.
ಯಾರೂ ಮರ ತಬ್ಬಲಿಲ್ಲ, ಜಿಂದಾಬಾದ್ ಅನ್ನಲಿಲ್ಲ.
ಕ್ಷೌರದ ಗಾದಿಲಿಂಗ ಮಾತ್ರ ಇಕ್ಕಳ ತಂದು
ತಾನೇ ಹೊಡೆದಿದ್ದ ಕನ್ನಡಿಯ ಮೊಳೆ ಕಿತ್ತ.
"ಇಪ್ಪತ್ತೆರಡು ವರ್ಷ ಆತು," ಅಂದ. ಬೇರೆ ಮಾತಿಲ್ಲ.
ಟ್ಯೂಷನ್ ಬೋರ್ಡಿನವನು ನಾಚಿಕೊಂಡು ಬಂದ,
ಕೇಬಲ್ಲಿನವನು ಬೈಸಿಕೊಂಡು ಬಂದ.
ಹುಟ್ಟುಹಬ್ಬದ ಫ್ಲೆಕ್ಸಿನ ಮೊಳೆಗಳಿಗೆ ಒಡೆಯರೇ ಇಲ್ಲ,
ಅವನ್ನು ಹುಡುಗರು ಕಿತ್ತರು.
ತಕ್ಕಡಿಯಲ್ಲಿ ಎರಡು ಕಿಲೋ ಮುನ್ನೂರು ಗ್ರಾಂ ತುಕ್ಕು;
ಗುಜರಿಯವನು ಕೊಟ್ಟ ದುಡ್ಡು
ಒಗ್ಗರಣೆ ಮಿರ್ಚಿಗೇ ಮುಗಿಯಿತು.

ಕೈ ಒರೆಸಿಕೊಳ್ಳುತ್ತಾ ಎರ್ರೆಮ್ಮ ನನ್ನ ಡಬ್ಬಿ ನೋಡಿದಳು.
"ನಂಬರಿನ ಕೆಳಗೆ ಹೆಸರು ಬರಿ."
"ಯಾರದು?"
"ನೆರಳಿಗೆ ಯಾರು ಕೂತಾರೋ ಅವರದು."

ಏಳು ಮುಗಿಸಿ, ಬರೆದೆ.
ನಲವತ್ತೇಳು: ಎರ್ರೆಮ್ಮ ಮತ್ತು ಹದಿನಾಲ್ಕು ಮಂದಿ.
ನಲವತ್ತೆಂಟು: ಇಸ್ತ್ರಿ ಪಂಪಾಪತಿ.
ಐವತ್ತು: ಪಂಕ್ಚರ್ ಖಾಜಾಹುಸೇನ್. (ಪಂಪಿನ ಚಿತ್ರವನ್ನೂ ಬರೆಸಿದ.)
ಐವತ್ತಮೂರು ಸೊರಗಿದ ಬಾಗೆ, ಯಾರೂ ಮುಂದೆ ಬರಲಿಲ್ಲ.
ಬುಡದಲ್ಲೊಂದು ನಾಯಿ ಮಲಗಿತ್ತು.
ಅದಕ್ಕೆ ಹೆಸರಿರಲಿಲ್ಲ.
"ನಾಯಿ" ಅಂತಲೇ ಬರೆದೆ.

ಆಫೀಸಿನವರು ಬಂದರು, ಓದಿದರು.
ನಂಬರು ಓದುವುದಕ್ಕೆ ಜೀಪು ನಿಲ್ಲಿಸಬೇಕಿಲ್ಲ,
ಹೆಸರು ಓದಲು ಇಳಿಯಬೇಕಾಗುತ್ತದೆ.
ಮೂರು ಸಲ ಮೀಟಿಂಗು, ಒಂದು ಸಲ ಜಗಳ,
ಚರಂಡಿ ಒಂದಷ್ಟು ಸೊಟ್ಟಗಾಯಿತು.
ಹತ್ತೊಂಬತ್ತು ಮರ ಹೋದವು. ಉಳಿದವು ಉಳಿದವು.
ಗೆದ್ದೆವೆಂದು ಯಾರೂ ಅನ್ನಲಿಲ್ಲ,
ಪಂಪಾಪತಿಯ ಇಸ್ತ್ರಿ ಗಾಡಿ ಈಗ ಛತ್ರಿಯಡಿಗಿದೆ.

ಜೂನ್ ಕೊನೆಗೆ ನಾಲ್ಕು ಹನಿ ಬಿದ್ದಾಗ
ಕೊರಡುಗಳ ಪಕ್ಕ ಗುಂಡಿ ತೋಡಿದರು:
ಒಂದು ಗೇಣು ಕೆಂಪು ಧೂಳು, ಆಮೇಲೆ ಕಲ್ಲು, ಆಮೇಲೂ ಕಲ್ಲು.
ಸಸಿ ಕಟ್ಟಲು ಹಗ್ಗ ಕೊಳ್ಳಲಿಲ್ಲ,
ಜೀನ್ಸಿನ ಚೂರು ಮೂಟೆಗಟ್ಟಲೆ ಇತ್ತು.
ಕೋಲಿಗೆ ಸೊಂಟಪಟ್ಟಿ ಬಿಗಿಸಿಕೊಂಡು
ಸಸಿಗಳು ಶಾಲೆಗೆ ಹೊರಟ ಹುಡುಗರ ಹಾಗೆ ನಿಂತವು.
ಬಣ್ಣ ತೊಳೆದ ನೀರು ಸುರಿಯದಂತೆ ಮಾಬುನ್ನಿಯ ಕಾವಲು.
ನಳ ಬರುವುದು ಎಂಟು ದಿನಕ್ಕೊಮ್ಮೆ,
ಅದರಲ್ಲೇ ಮನೆಗೊಂದು ಕೊಡ ತೆಗೆದಿಟ್ಟರು.
ಆದರೂ ನಾಲ್ಕು ಒಣಗಿದವು.
ಒಂದನ್ನು ಮೇಕೆ ತಿಂದಿತು;
ಯಾರ ಮೇಕೆ ಎಂದು ಗೊತ್ತು, ಹೇಳುವುದಿಲ್ಲ.

ಲೆಕ್ಕ ಚುಕ್ತಾ ಮಾಡುವಾಗ ಕಾಂಟ್ರ್ಯಾಕ್ಟರ್
ಹೆಸರಿಗೆ ಹೋದ ಬಣ್ಣವೆಂದು ನಲವತ್ತು ರೂಪಾಯಿ ಮುರಿದುಕೊಂಡ.
ಮುರಿದುಕೊಳ್ಳಲಿ.

ಮೂರು ಮಳೆಗಾಲ ಕಳೆದು ಮೊನ್ನೆ ಆ ದಾರಿಯಲ್ಲಿ ಹೋದೆ.
ನಲವತ್ತೇಳರ ತೊಗಟೆ ಬೆಳೆದು ಏಳನ್ನು ಸೀಳಿದೆ,
ಎರ್ರೆಮ್ಮನ ಒತ್ತುಗಳು ಹಿಗ್ಗಿ ಅಗಲವಾಗಿವೆ.
ಐವತ್ತಮೂರರ ಕೆಳಗೆ ಈಗ ಬೇರೊಂದು ನಾಯಿ.
ತಿದ್ದಿ ಬರೆಯಬೇಕಾಗಿರಲಿಲ್ಲ.