ಮೆಮೊರಿ ಕಾರ್ಡ್ ತುಂಬಿಸುವವಳ ಲೆಕ್ಕ

ಮಲ್ಪೆ ಬಂದರಿನಲ್ಲಿ, ಐಸ್ ಪ್ಲಾಂಟಿನ ಹಿಂದೆ
ಡೀಸೆಲ್ ಬಂಕಿಗೆ ಬೆನ್ನು ಹಾಕಿದ ಆರಡಿ ಅಂಗಡಿ ನನ್ನದು.
ರೀಚಾರ್ಜ್, ಟಾರ್ಚು, ಬೀಡಿ, ಹಾಡು.
ಕಾರ್ಡಿಗೆ ಮೂವತ್ತು ರೂಪಾಯಿ, ಹಳಬರಿಗೆ ಇಪ್ಪತ್ತು.

ಬೋಟು ಬಿಡುವ ಹಿಂದಿನ ಸಂಜೆ ಬರುತ್ತಿದ್ದರು
ಉಗುರಿನಷ್ಟು ಕಾರ್ಡನ್ನು ಬೀಡಿ ಕಟ್ಟಿನ ಕಾಗದದಲ್ಲಿ ಸುತ್ತಿಕೊಂಡು.
"ಹತ್ತು ದಿನಕ್ಕೆ ಸಾಕಾಗುವಷ್ಟು ಹಾಕು ಸುಗುಣಕ್ಕ,
ಹೋದ ಸಲ ಆರನೇ ದಿನಕ್ಕೇ ಮೊದಲಿನದು ಸುತ್ತಿ ಬಂತು."
ಅಕ್ಕಿ, ನೀರು, ಐಸಿನ ಹಾಗೆ
ಹಾಡನ್ನೂ ದಿನದ ಲೆಕ್ಕದಲ್ಲಿ ಕೇಳುತ್ತಿದ್ದರು.

ನಾಲ್ಕು ಜಿಬಿ. ನೂರಿಪ್ಪತ್ತೆಂಟರ ಎಂಪಿತ್ರೀ ಆದರೆ ಸಾವಿರ ಹಾಡು.
ಮುನ್ನೂರಿಪ್ಪತ್ತಾದರೆ ನಾನೂರು.
ಫ್ಲ್ಯಾಕ್ ಕೊಟ್ಟರೆ ಕಾರವಾರ ಕಾಣುವ ಮೊದಲೇ ಖಾಲಿ.
ಅಲ್ಲದೆ, ಆರು ಸಿಲಿಂಡರಿನ ಇಂಜಿನ್ನಿನ ಮೇಲೆ ಕುಳಿತವನಿಗೆ
ತಂಬೂರಿಯ ನಾಲ್ಕನೇ ತಂತಿ ಯಾಕೆ?
ಹದಿನೈದು ವರ್ಷ ನೂರಿಪ್ಪತ್ತೆಂಟೇ ಬಡಿಸಿದೆ.
ಯಾರೂ ಎಲೆ ಬಿಟ್ಟು ಏಳಲಿಲ್ಲ.

ಈಗ ಕಾರ್ಡು ಯಾರಿಗೂ ಬೇಡ.
ಹಾಡು ಗಾಳಿಯಲ್ಲೇ ಬರುತ್ತದೆ, ಟವರ್ ಕೈಬಿಡುವ ತನಕ.
ನನ್ನಲ್ಲಿ ಉಳಿದದ್ದು ಮೂರು ಹಾರ್ಡ್ ಡಿಸ್ಕು,
ಅರುವತ್ತೆರಡು ಸಾವಿರ ಫೈಲು.
ಒಂದು ಡಿಸ್ಕು ಏಳುವಾಗೆಲ್ಲ ಹಲ್ಲಿಯ ಹಾಗೆ ಲೊಚಗುಟ್ಟುತ್ತದೆ.

ತಂಗಿಯ ಮಗ ನಿಧೀಶ ಮಣಿಪಾಲದಿಂದ ಬಂದ,
ಕುತ್ತಿಗೆಗೆ ದೊಡ್ಡ ಹೆಡ್‌ಫೋನು.
"ಇದೆಂತ ಅವಸ್ಥೆ ದೊಡ್ಡಮ್ಮ!"
ಒಂದೇ ಹಾಡಿಗೆ ಒಂಬತ್ತು ಪ್ರತಿ,
ಹೆಸರು ಟ್ರ್ಯಾಕ್ ಸೊನ್ನೆ ಮೂರು, ಗಾಯಕ ಅಜ್ಞಾತ,
ಫೋಲ್ಡರುಗಳಿಗೆಲ್ಲ ಬೋಟಿನ ಹೆಸರು:
ಜಲದುರ್ಗೆ, ಮತ್ಸ್ಯಸಿರಿ, ಸೀ ಕಿಂಗ್, ಸಾಗರಜ್ಯೋತಿ ಎರಡು.
ಹಾಡಿದವರ ಪ್ರಕಾರ ಜೋಡಿಸಿ ಕೊಡುತ್ತೇನೆ ಎಂದ.
ಬೇಡ ಎಂದೆ. ಹಾಡಿದವರು ಯಾರೆಂದು ಲೋಕಕ್ಕೇ ಗೊತ್ತುಂಟು,
ಕೇಳಿದವರು ಯಾರೆಂದು ಇಲ್ಲಿ ಮಾತ್ರ ಬರೆದದ್ದು.

ಆಮೇಲೆ ಅವನು ಹೆಡ್‌ಫೋನನ್ನು ನನ್ನ ಕಿವಿಗಿಟ್ಟು
ನಾನೇ ಸಾವಿರ ಸಲ ತುಂಬಿಸಿದ ಒಂದು ಹಾಡನ್ನು
ಫ್ಲ್ಯಾಕಿನಲ್ಲಿ ಕೇಳಿಸಿದ.
ಸುಳ್ಳು ಹೇಳಬಾರದು.
ಹಾರ್ಮೋನಿಯಂ ಉಸಿರೆಳೆದದ್ದು ಕೇಳಿತು,
ಚರಣಕ್ಕೆ ಮೊದಲು ಹಾಡುವವಳು ತುಟಿ ಬಿಡಿಸಿದ್ದು ಕೇಳಿತು.
ಒಂಥರಾ ನಾಚಿಕೆಯಾಯಿತು,
ಇಷ್ಟು ವರ್ಷ ತಕ್ಕಡಿಗೆ ಬೆರಳು ಕೊಟ್ಟವಳ ಹಾಗೆ.

"ಹಾಗಾದರೆ ಎಲ್ಲವನ್ನೂ ಫ್ಲ್ಯಾಕ್ ಮಾಡಿಬಿಡು."
ಅವನು ನಕ್ಕ.
ನಗುವುದೆಂತಕ್ಕೆ ಎಂದು ಬೈಯುವ ಮೊದಲೇ ನನಗೇ ಹೊಳೆಯಿತು:
ಉಪ್ಪು ಹಾಕಿ ಒಣಗಿಸಿದ ಬಂಗುಡೆಯನ್ನು
ರಾತ್ರಿಯಿಡೀ ನೀರಲ್ಲಿ ನೆನೆಸಿದರೆ
ಉಬ್ಬೀತು, ತೂಕ ಬಂದೀತು,
ಕಣ್ಣು ಮಾತ್ರ ತಿರುಗಿ ಹೊಳೆಯದು.

ಹೋದ ವಾರ ವಾಮನ ತಿಂಗಳಾಯರು ಬಂದರು,
ಮತ್ಸ್ಯಸಿರಿಯ ತಂಡೇಲ.
ಬೋಟು ಗುಜರಿಗೆ ಹೋಗಿ ಎರಡು ಮಳೆಗಾಲವಾಯಿತು.
ಹಳೆಯ ನೋಕಿಯಾದೊಳಗೆ ಒಂದು ಎಎಂಆರ್ ಫೈಲು,
ನಲವತ್ತೇಳು ಸೆಕೆಂಡು.
ಒಣಮೀನಿಗಿಂತಲೂ ಕಡೆ, ಬರೀ ಮುಳ್ಳು.
ಡೆಕ್ಕಿನ ಮೇಲೆ ಯಾರೋ ಹಾಡುತ್ತಾನೆ,
ಅವನ ಬೆನ್ನಿಗೆ ಇಂಜಿನ್ನು ಗುಡುಗುಡು.

ಗದ್ದಲ ತೆಗೆದು ಹಾಡನ್ನು ಎತ್ತಿ ಕೊಡಬೇಕಾದೀತೆಂದು
ಪರದೆಯ ಮೇಲೆ ಗೆರೆ ಎಳೆಯತೊಡಗಿದ್ದೆ.
ಅವರು ಕೈ ಅಡ್ಡ ಹಿಡಿದರು.
"ಅವ ಈಗಲೂ ಪಡುಕೆರೆಯಲ್ಲೇ ಇದ್ದಾನೆ,
ಬೇಡ ಅಂದರೂ ಹಾಡ್ತಾನೆ.
ನನಗೆ ಬೇಕಾದ್ದು ಇಂಜಿನ್."

ಬೇಡದ ಸದ್ದು ಅಳಿಸಲೇ, ಎಂದು
ನಿಧೀಶ ಹಾಕಿಕೊಟ್ಟ ಪ್ರೋಗ್ರಾಮು ಕೇಳುತ್ತಲೇ ಇತ್ತು.
ಮುಚ್ಚಿದೆ.
ಫ್ಲ್ಯಾಕ್ ಮಾಡಲಿಲ್ಲ, ಎಂಪಿತ್ರೀ ಮಾಡಲಿಲ್ಲ,
ಇದ್ದ ಹಾಗೇ ಮೂರೂ ಡಿಸ್ಕಿಗೆ ಇಳಿಸಿದೆ,
ಲೊಚಗುಟ್ಟುವ ಡಿಸ್ಕಿಗೂ.
ಗಾಯಕ ಎಂಬಲ್ಲಿ ಅಜ್ಞಾತ ಅಳಿಸಿ
ಮತ್ಸ್ಯಸಿರಿ ಎಂದು ಬರೆದೆ.

ತಿಂಗಳಾಯರು ಮೂವತ್ತು ರೂಪಾಯಿ ಎಣಿಸಿ ಮೇಜಿನ ಮೇಲಿಟ್ಟರು.
ಹತ್ತು ತಿರುಗಿಸಿ ಕೊಟ್ಟೆ.