ಹಾಲುಹಲ್ಲಿನ ಲೆಕ್ಕ

ಪುಸ್ತಕ ಕೊಟ್ಟವನು ಕಾರವಾರ ಬಂದರಿನ ಗುಮಾಸ್ತ,
ಯಾವುದೋ ಹಡಗಿನವರು ಬಿಟ್ಟುಹೋದದ್ದಂತೆ.
ಒಳಗಿನ ಅಕ್ಷರ ಮರಳಲ್ಲಿ ಏಡಿ ಓಡಿದ ಹಾಗೆ,
ಸುಲಕ್ಷಾ ಅಕ್ಕೋರಿಗೂ ಓದಲು ಬರುವುದಿಲ್ಲ.
ಚಿತ್ರ ನೋಡಿ ಕಥೆ ಹೇಳುತ್ತಾರೆ,
ಸೋಮವಾರ ಒಂದು, ಮಂಗಳವಾರ ಇನ್ನೊಂದು.
"ನಿನ್ನೆ ಅದಕ್ಕೆ ಅಮ್ಮ ಇತ್ತಲ್ಲ ಅಕ್ಕೋರೇ?"
ಜೊವಿಟಾ ಹಿಡಿಯುತ್ತಾಳೆ.
"ಇವತ್ತು ಪೇಟೆಗೆ ಹೋಗಿದೆ."
ಅದು ಬರೀ ಎಲೆ ತಿನ್ನುವ ಜಾತಿ, ಮೀನು ಮುಟ್ಟುವುದಿಲ್ಲ
ಎಂದದ್ದಕ್ಕೆ ಮಾತ್ರ ಇಡೀ ಅಂಗನವಾಡಿ
ಅಯ್ಯೋ ಪಾಪ ಅಂದಿತು.

ನಾನು ಅಡುಗೆಯವಳು.
ಕೇಳಿಸಿದ್ದು ಅರ್ಧ, ಕುಕ್ಕರಿನ ಸೀಟಿಗೆ ಹೋದದ್ದು ಅರ್ಧ.
ಡೈನೋಸಾರು ಅಂದರೆ ಸಾರೇ ಅಂದುಕೊಂಡಿದ್ದೆ,
ಬಂಗಡೆ ಸಾರು, ಬೇಳೆ ಸಾರು, ಇದು ಯಾವ ಊರಿನದೋ ಎಂದು.
ಕೇಳಿದ್ದಕ್ಕೆ ಹದಿನೇಳು ಮಕ್ಕಳು
ಚಾಪೆಯ ಮೇಲೆ ಉರುಳಾಡಿ ನಕ್ಕವು.

ಶುಕ್ರವಾರ ಅದನ್ನು ಗೋಡೆಗೆ ಮಾಡುವುದೆಂದಾಯಿತು.
ಸಾಯೀಶ ತಂದದ್ದು ಅಪ್ಪನ ಹರಿದ ಬಲೆ, ವಾಸನೆ ಸಮೇತ.
ಬೆನ್ನಿನ ಮುಳ್ಳಿಗೆ ತಿಸ್ರೆ ಚಿಪ್ಪು,
ಚರ್ಮಕ್ಕೆ ನಾನು ಎತ್ತಿಟ್ಟ ಮೊಟ್ಟೆಯ ಸಿಪ್ಪೆ.
ಬಣ್ಣ ಮುಗಿದಿತ್ತು. ಧನಶ್ರೀಯ ಅಜ್ಜ
ಬೋಟಿಗೆ ಹೊಡೆದು ಉಳಿದ ನೀಲಿಯನ್ನು
ಕರಟದಲ್ಲಿ ಕಳಿಸಿದ.
ಕಡಲ ನೀರಿಗೇ ಹೋಗದ ಬಣ್ಣ ಅದು,
ಲಂಗದಿಂದ ಹೋಗುತ್ತದೆಯೇ?
ಮೂವರು ತಾಯಂದಿರು ನನ್ನನ್ನೇ ಬೈದರು.

ಕುತ್ತಿಗೆ ಕಿಟಕಿಗೆ ಅಡ್ಡ ಬಂತು.
ತಿರುಗಿಸಿದೆವು. ಈಗ ಅದು ಹಿಂದಕ್ಕೆ ನೋಡುತ್ತದೆ,
ತನ್ನ ಬಾಲ ಬಂತೋ ಇಲ್ಲವೋ ಎಂದು.

ಹಲ್ಲಿಗೆ ಏನು? ಎಲ್ಲರೂ ನನ್ನ ಕಡೆ ನೋಡಿದರು.
ಒಂದು ಹಿಡಿ ಅಕ್ಕಿ.
ದಾಸ್ತಾನು ಪುಸ್ತಕದಲ್ಲಿ ಬರೆಯಲಿಲ್ಲ.
ಮೈದಾ ಅಂಟಿನಲ್ಲಿ ಒಂದೊಂದೇ ಕಾಳು ಒತ್ತಿದರು,
ನಾಲಿಗೆ ಹೊರಗೆ ಹಾಕಿ, ಉಸಿರು ಹಿಡಿದು.

ಆಮೇಲೆ ಅಕ್ಕೋರು ಹೇಳಿದರು,
ಇವು ಈಗ ಎಲ್ಲಿಯೂ ಇಲ್ಲ, ಒಂದೂ ಇಲ್ಲ.
ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಸಾಯೀಶ ಕೇಳಿದ:
"ಅವಕ್ಕೂ ನೋಟೀಸು ಬಂದಿತ್ತಾ?"

ಈ ಪುನರ್ವಸತಿ ಕಾಲನಿಯಲ್ಲೇ ಹುಟ್ಟಿದ ಮಗು.
ಊರು ಬಿಡುವಾಗ ಅವನ ಅಪ್ಪ
ಅಜ್ಜಿಯ ಸೊಂಟದ ಮೇಲಿದ್ದ ಕೂಸು.
ನೌಕಾದಳದ ಗೋಡೆಯ ಆಚೆ ಉಳಿದದ್ದು
ಆ ಅಜ್ಜಿಯ ಬಾಯಲ್ಲಿದೆ, ನನ್ನ ಬಾಯಲ್ಲೂ.
ಸೌಟು ಹಿಡಿದು ನಿಂತಿದ್ದೆ.
"ಇಲ್ಲ ಮಗಾ, ಅವಕ್ಕೆ ಯಾರೂ ಹೇಳಿಯೂ ಇರಲಿಲ್ಲ" ಅಂದೆ.
"ಹಾಗಾದ್ರೆ ಮನೆ ಸಾಮಾನು?" ಅಂದಳು ಜೊವಿಟಾ.
ಅನ್ನ ತಳ ಹಿಡಿದ ವಾಸನೆ ಬಂತು.
ಬದುಕಿದೆ.

ಸೋಮವಾರ ಬೀಗ ತೆಗೆದರೆ ಬಾಯಿ ಖಾಲಿ.
ಎರಡು ದಿನದಲ್ಲಿ ಇರುವೆಗಳು ಅಷ್ಟೂ ಹಲ್ಲು ಹೊತ್ತಿದ್ದವು,
ಕೊನೆಯದೊಂದು ಇನ್ನೂ ಹೊಸ್ತಿಲ ಮೇಲೆ ನಡೆಯುತ್ತಿತ್ತು.
ಇನ್ನು ಅಳುತ್ತಾವೆ ಎಂದು
ಬೆಲ್ಲದ ಚೂರು ತಯಾರಿಟ್ಟೆ.

ಮೊದಲು ಬಂದವನು ಕಾರ್ತಿಕೇಶ, ಎಲ್ಲರಿಗಿಂತ ಹಿರಿಯ,
ಬರುವ ಜೂನಿಗೆ ದೊಡ್ಡ ಶಾಲೆ.
ಗೋಡೆ ನೋಡಿದ.
ತನ್ನ ಬಾಯಿಯ ಕಿಂಡಿಯಲ್ಲಿ ನಾಲಿಗೆ ಆಡಿಸಿದ.
"ಹಾಲುಹಲ್ಲು" ಅಂದ, ಡಾಕ್ಟರ ಹಾಗೆ.
"ಬಿದ್ದದ್ದು. ಮತ್ತೆ ಬರ್ತದೆ. ದಪ್ಪದ್ದು."
ಉಳಿದ ಹದಿನಾರೂ ಬಾಯಿ ತೆರೆದು
ತಂತಮ್ಮ ಹಲ್ಲು ಅಲುಗಾಡಿಸಿ ನೋಡಿಕೊಂಡವು.
ಬೆಲ್ಲ ಹೇಗೂ ಖರ್ಚಾಯಿತು.

ಮಂಗಳವಾರ ಸೆರಗಿನ ತುದಿಗೆ ಕಟ್ಟಿ
ಮನೆಯ ಕುಚ್ಚಲಕ್ಕಿ ತಂದೆ.
ಇದು ಸರ್ಕಾರದ್ದಲ್ಲ, ನನ್ನ ಲೆಕ್ಕ.
"ದಪ್ಪವೇನೋ ಸರಿ, ಕೆಂಪಗಿದೆಯಲ್ಲ?" ಅಂದರು ಅಕ್ಕೋರು.
"ಎಲೆ ತಿನ್ನುವ ಜಾತಿ ಅಂದವರು ನೀವೇ" ಎಂದು
ಕವಳ ಒತ್ತಟ್ಟಿಗೆ ಸರಿಸಿ
ನನ್ನ ಹಲ್ಲು ತೋರಿಸಿದೆ.