ಎಡಗಾಲಿನ ತಿಂಗಳು

ಅರಸೀಕೆರೆ ರೈಲ್ವೆ ಕಾಲೊನಿಯ ಹಿಂದೆ
ನಾಲ್ಕು ಸರ್ವೆ ಕಂಬ ನೆಟ್ಟಿದ್ದೇವೆ, ಸಾಲಾಗಿ.
ನಡುವಿನವೆರಡು ಉದ್ದ, ಅಂಚಿನವೆರಡು ಗಿಡ್ಡ.
ಚೆಂಡು ನಡುವೆ ಹಾದರೆ ಆರು,
ಪಕ್ಕಕ್ಕೆ ಜಾರಿದರೆ ಒಂದು.
‘ತಪ್ಪಿಗೂ ಅಂಕ ಕೊಡ್ತಾರಾ ಮಿಸ್?’
ಕೇಳಿದವನು ಗಣಿತದಲ್ಲಿ ಫೇಲಾದ ತಿಪ್ಪೇಶ.
ಅವನಿಗೆ ಆಟ ಹಿಡಿಸಿದ್ದು ಅವತ್ತೇ.

ಚೆಂಡು ಗುಂಡಗಿಲ್ಲ ಅಂದರೆ
ಯಾರೂ ಬೆರಗಾಗಲಿಲ್ಲ. ಕಾಯಿ ಮಂಡಿಯ ಮಕ್ಕಳು,
ಸುಲಿಯದ ಕಾಯನ್ನು ಲಾರಿಯಿಂದ ಎಸೆದಂತೆ
ಹಿಡಿದು ಪಳಗಿದ ಕೈಗಳು.
ಆದರೆ ಕಾಯಿ ಬಿದ್ದರೆ ಬಿದ್ದಲ್ಲೇ.
ಇದು ಹಾಗಲ್ಲ.
ಹೊಟ್ಟೆ ತಾಗಿದರೆ ಮೊಣಕಾಲಿಗೆ, ಮೂತಿ ತಾಗಿದರೆ ಮುಖಕ್ಕೆ,
ಒಮ್ಮೊಮ್ಮೆ ಒದ್ದವರ ಕೈಗೇ ವಾಪಸು.
ಎಸೆಯುವಂತಿಲ್ಲ, ಅಂಗೈಲಿಟ್ಟು ಗುದ್ದಬೇಕು.
ಹಿಡಿದುಕೊಂಡು ಓಡಿದರೆ ನಡುನಡುವೆ
ನೆಲಕ್ಕೆ ಕುಟ್ಟಿ, ನಂಬಿ, ಮತ್ತೆ ಹಿಡಿಯಬೇಕು.

ನಾನು ಖೋ ಖೋ ಆಡಿದವಳು.
ಇದನ್ನು ಕಲಿತದ್ದು ಫೋನಿನಲ್ಲಿ,
ಮಕ್ಕಳಿಗಿಂತ ಒಂದೇ ವಾರ ಮುಂಚೆ.
ಅದನ್ನು ಅವರಿಗೆ ಹೇಳಿಯೇ ಶುರು ಮಾಡಿದೆ.

ಯತಿರಾಜನ ವಿಷಯ ಮಾತ್ರ ಹೇಳಿಲ್ಲ.

ಹನ್ನೆರಡಕ್ಕೇ ಮೀಸೆ ಚಿಗುರಿದ್ದ ಹುಡುಗ.
ಉಳಿದವರ ತಲೆ ಅವನ ಭುಜಕ್ಕೆ.
ಎರಡು ವರ್ಷ ಅವನನ್ನು ಕಂಬದ ಮುಂದೆ ನಿಲ್ಲಿಸಿ
ಎಲ್ಲರಿಗೂ ಒಂದೇ ಪಾಠ: ಅವನಿಗೆ ಕೊಡಿ.
ಕೊಟ್ಟರು. ಗೆದ್ದೆವು. ತಿಪಟೂರು, ಕಡೂರು, ಬಾಣಾವರ.
ಶಾಲೆಯ ಬೀರುವಿನಲ್ಲಿ ಮೂರು ಟ್ರೋಫಿ.
ಮೂರನೆಯ ವರ್ಷ ಉಳಿದವರೂ ಬೆಳೆದರು,
ಅವನು ಇದ್ದಷ್ಟೇ ಇದ್ದ.
ಎಡಗಾಲು ಬಾರದು, ಓಡುತ್ತಾ ಬಗ್ಗಿ ಹೆಕ್ಕಲು ಬಾರದು,
ಇನ್ನೊಬ್ಬರಿಗೆ ಕೊಡಲು, ಅದನ್ನು ಯಾರು ಕಲಿಸಿದ್ದರು?
ಒಂದು ಸೋಮವಾರ ಬರಲಿಲ್ಲ. ಮಂಗಳವಾರವೂ.
ಈಗ ಸಂಜೆ ಕೊಬ್ಬರಿ ಚೀಲ ಹೊರುತ್ತಾನೆ.
ನನ್ನ ಕಂಡರೆ ಚೀಲವನ್ನು
ಈ ಹೆಗಲಿಂದ ಆ ಹೆಗಲಿಗೆ ಬದಲಿಸುತ್ತಾನೆ,
ಮುಖ ಆಚೆಗಾಗುವಂತೆ.

ಅದಕ್ಕೇ ಈ ಜುಲೈ ಪೂರ್ತಿ ಎಡಗಾಲಿಗೆ ಎಂದೆ.
ಪಂದ್ಯದಲ್ಲೂ.
ಮರೆತು ಬಲಗಾಲಲ್ಲಿ ಒದ್ದರೆ ಮೈದಾನ ಸುತ್ತಬೇಕಿಲ್ಲ,
ನನ್ನ ಬಳಿ ಬಂದು ಒಂದು ಗಾದೆ ಹೇಳಿ ಹೋಗಿ.
(ತಿಪ್ಪೇಶನ ಗಾದೆಗಳು ಎರಡನೇ ದಿನಕ್ಕೇ ಮುಗಿದವು.)
ಕಾಲುಭಾಗ ಆಟಕ್ಕೊಮ್ಮೆ ಜಾಗ ಬದಲು:
ಗಿಡ್ಡ ಶಮ್‌ಶಾದ್ ಕಂಬದ ಮುಂದೆ,
ಬಿದಿರಿನಂಥ ಸೆಲ್ವಕುಮಾರ ಹಿಂದೆ,
ಚೆಂಡು ಬಂದರೆ ಕಣ್ಣು ಮುಚ್ಚುವ ಪರಿಮಳಾ
ನಟ್ಟನಡುವೆ.

ನಾಲ್ಕು ಪಂದ್ಯ. ನಾಲ್ಕೂ ಸೋತೆವು.
ಹೆಡ್‌ಮಾಸ್ಟರು ಕನ್ನಡಕ ಒರೆಸುತ್ತಾ, ‘ಬಲಗಾಲಿಗೇನು ಧಾಡಿ?’
ಸೆಲ್ವನ ಅಪ್ಪ, ಗ್ಯಾಂಗ್‌ಮನ್, ಬೇಲಿಯಾಚೆಯಿಂದ:
‘ನನ್ ಮಗನ ಎತ್ತರ ಹಿಂದೆ ಕೊಳೀತಾ ಇದೆ ಮಿಸ್.’
ಕೊಳೆಯಲಿ, ಗೊಬ್ಬರವಾದೀತು, ಎಂದೆ.
ಹೇಳಿದ್ದೇನೋ ಜೋರಾಗಿಯೇ.
ರಾತ್ರಿ ನಿದ್ದೆ ಬರಲಿಲ್ಲ.
ನನಗೂ ಗೆಲುವು ಬೇಕು.
ಟ್ರೋಫಿಯ ಧೂಳು ಒರೆಸುವಾಗ
ಅದರ ಹೊಟ್ಟೆಯಲ್ಲಿ ಕಾಣುವುದು ನನ್ನದೇ ಮುಖ,
ಅಗಲವಾಗಿ.

ನಿನ್ನೆ ಐದನೆಯದು. ಕೊನೆಯ ನಿಮಿಷ.
ನಡುವಿನಿಂದ ಪರಿಮಳಾ ಗುದ್ದಿದ ಚೆಂಡು
(ಕಣ್ಣು ತೆರೆದಿತ್ತು, ಎಣಿಸಬೇಕೆಂದರೆ ಎರಡೂ)
ಶಮ್‌ಶಾದ್ ಎದೆಗೆ ಬಂದು ಕೂತಿತು.
ಕಂಬ ಎದುರಿಗೇ. ಅವಳ ಬಲಗಾಲು
ಕಟ್ಟಿದ ಕರುವಿನಂತೆ ಒಂದು ಸಲ ಜಗ್ಗಿತು.
ಒದ್ದದ್ದು ಎಡಗಾಲಲ್ಲೇ.
ಚೆಂಡು ಸೊಟ್ಟಗೆ ಹಾರಿ, ಗಿಡ್ಡ ಕಂಬದ ಈಚೆಗೆ ನುಸುಳಿ,
ಬೇಲಿ ದಾಟಿ ರಸ್ತೆಗೆ.
ಒಂದು.
ಹದಿಮೂರು ಅಂಕದಿಂದ ಸೋತೆವು.

ರಸ್ತೆಯಲ್ಲಿ ಕೊಬ್ಬರಿ ಗಾಡಿ ನಿಂತಿತ್ತು.
ಚೀಲ ಇಳಿಸಿ ಒಬ್ಬ ಬಗ್ಗಿದ, ಹೆಕ್ಕಿದ,
ಕೈಯಲ್ಲಿ ತಿರುಗಿಸಿ ಹೊಲಿಗೆ ನೋಡಿದ.
‘ಅಣ್ಣಾ, ಕೊಡಣ್ಣಾ’ ಎಂದು ಮಕ್ಕಳು.

ಒದ್ದ ಸದ್ದು ಕೇಳಿತು.
ಯಾವ ಕಾಲೆಂದು ನಾನು ನೋಡಲಿಲ್ಲ.
ತಲೆ ಬಗ್ಗಿಸಿ
ವಿಸಿಲಿನ ದಾರದ ಗಂಟು ಬಿಡಿಸುತ್ತಿದ್ದೆ,
ಗಂಟೇನೂ ಇರಲಿಲ್ಲ.